ಪಿತ್ತದ ಗಂಧೆ: 'ಏನ್ ತಿಂದೀ?' ಎಂಬ ಹಳೆಯ ಪ್ರಶ್ನೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಈ ಕಡೆ ಯಾರ ಮೈಮೇಲಾದರೂ ಕೆಂಪಗೆ ಗಂಧೆ ಎದ್ದರೆ ಮನೆಯವರು ಮೊದಲು ಕೇಳುವುದು, 'ಏನ್ ತಿಂದೀ?' ಎಂದು. ಕನ್ನಡದ ಮನೆಯಲ್ಲಿ 'ಪಿತ್ತ ಎದ್ದದ' ಅನ್ನುತ್ತಾರೆ, ಉರ್ದುವಿನ ಮನೆಯಲ್ಲಿ 'ಪಿತ್ತಿ ಉಛಲಿ' ಅನ್ನುತ್ತಾರೆ. ಮಾತು ಎರಡಾದರೂ ಪಿತ್ತ ಒಂದೇ. ಆಮೇಲೆ ಬದನೆಕಾಯಿ ಬಂದ್, ಮೊಟ್ಟೆ ಬಂದ್, ಮೀನು ಬಂದ್, ಶೇಂಗಾ ಬಂದ್. ವಾರದೊಳಗೆ ಗಂಧೆ ಅಡಗಿದರೆ ಪಥ್ಯಕ್ಕೆ ಒಳ್ಳೆಯ ಹೆಸರು. ಅಡಗದಿದ್ದರೆ ತಿಂಗಳುಗಟ್ಟಲೆ ಬರೀ ಅನ್ನ, ಬೇಳೆ. ಬಹಳ ದಿನ ಕಾಡುವ ಗಂಧೆ ಗಂಡಸರಿಗಿಂತ ಹೆಂಗಸರಿಗೇ ಸುಮಾರು ಇಮ್ಮಡಿ ಬರುವುದರಿಂದ ಈ ಶಿಕ್ಷೆಯೂ ಹೆಚ್ಚಾಗಿ ಅವರ ಪಾಲಿನದು.

ಊಟದ ಮೇಲಿನ ಈ ಅನುಮಾನ ನಮ್ಮ ನೆಲದಲ್ಲಿ ಹೊಸದಲ್ಲ. ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಜೈನ ವೈದ್ಯರಾದ ಉಗ್ರಾದಿತ್ಯಾಚಾರ್ಯರು 9ನೇ ಶತಮಾನದಲ್ಲಿ ಸಂಸ್ಕೃತದಲ್ಲಿ 'ಕಲ್ಯಾಣಕಾರಕ' ಬರೆದರು. ಅದರ ಕೊನೆಗೆ ಸೇರಿರುವ ಹಿತಾಹಿತ ಅಧ್ಯಾಯ ನೃಪತುಂಗನ ಸಭೆಯಲ್ಲಿ ಮಾಂಸಾಹಾರದ ವಿರುದ್ಧ ಅವರು ಮಾಡಿದ ವಾದ. ಏನು ತಿನ್ನಬೇಕು, ಏನು ಬಿಡಬೇಕು ಎಂಬ ಜಗಳ ಇಲ್ಲಿ ಅರಮನೆಯ ತನಕ ಹೋಗಿತ್ತು.

ಆದರೆ ಗಂಧೆಯನ್ನೇ ಹೆಸರಿಟ್ಟು ವರ್ಣಿಸಿದ ಹಳಬರು ಊಟವೊಂದನ್ನೇ ಹಿಡಿದು ಕೂರಲಿಲ್ಲ. ಅದಕ್ಕೂ ಹಿಂದಿನ 'ಮಾಧವನಿದಾನ'ದಲ್ಲಿ ಇದರ ಹೆಸರು ಶೀತಪಿತ್ತ. ಕಣಜ ಕಚ್ಚಿದಂಥ ಬಾವು ಎನ್ನುತ್ತದೆ ಆ ಗ್ರಂಥ. ಅದು ಮೊದಲು ದೂರುವುದು ತಣ್ಣನೆಯ ಗಾಳಿಯನ್ನು. ಇಬ್ನ್ ಸೀನಾ (980–1037) ತಮ್ಮ 'ಅಲ್ ಕಾನೂನ್'ನಲ್ಲಿ ಇದನ್ನು 'ಶರಾ' ಎಂದು ಕರೆದರು. ರಕ್ತ, ಪಿತ್ತದಿಂದಾದದ್ದು ಕೆಂಪಾಗಿ, ಬಿಸಿಯಾಗಿ ಹಗಲಲ್ಲಿ ಹೆಚ್ಚು. ಬಲ್ಗಮ್, ಅಂದರೆ ಕಫದ್ದು, ರಾತ್ರಿ ಹೆಚ್ಚು ಎಂದರು. ಗಾಳಿಯನ್ನೂ ಹೊತ್ತನ್ನೂ ನೋಡಿದ ವೈದ್ಯರಿವರು. ನಾವು ಉಳಿಸಿಕೊಂಡದ್ದು ತಟ್ಟೆಯನ್ನು ಮಾತ್ರ.

1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ಚಿತ್ತಾಪುರ, ಸೇಡಂ ಆ ಹಾದಿಯಲ್ಲೇ ಇದ್ದವು. ಚಿಂಚೋಳಿಗೆ ಹತ್ತಿರದ ರೈಲು ತಾಂಡೂರಿನದು. 1956ರವರೆಗೂ ನಮಗೆ ಹೈದರಾಬಾದೇ ರಾಜಧಾನಿ. ಹಕೀಮರ ಯುನಾನಿ ಅಲ್ಲಿ ಸರಕಾರಿ ಮನ್ನಣೆ ಪಡೆದ ವೈದ್ಯ. ಆಸ್ಪತ್ರೆಗೆ ಈಗಲೂ ನಮ್ಮ ಕನ್ನಡದಲ್ಲಿ ದವಾಖಾನೆ ಎಂದೇ ಹೆಸರು. ಮನೆಮದ್ದಿನಲ್ಲಿ ಗೇರು ಮಣ್ಣು ಬಳಿಯುವುದೂ ಇತ್ತು, ಒರಟು ಕಂಬಳಿ ಹೊದಿಸಿ ಉಜ್ಜುವುದೂ ಇತ್ತು. ಕಂಬಳಿಯ ಮಾತು ಬೇಡ: ಕೆಲವರಿಗೆ ಆ ಶಾಖ, ಆ ಉಜ್ಜಾಟವೇ ಹೊಸ ಗಂಧೆ ಎಬ್ಬಿಸುತ್ತದೆ.

ಪಿತ್ತದ ನಿಜವಾದ ಗುಟ್ಟು ಬಯಲಾದದ್ದು ತಡವಾಗಿ. 1910ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಮತ್ತು ಲೇಡ್ಲಾ, ಹಿಸ್ಟಮಿನ್ ಎಂಬ ವಸ್ತು ದೇಹದ ಮೇಲೆ ಏನು ಮಾಡುತ್ತದೆಂದು ತೋರಿಸಿದರು. ಚರ್ಮದಡಿಯ ಮಾಸ್ಟ್ ಕಣಗಳು ಅದನ್ನು ಚೆಲ್ಲಿದಾಗ ಸಣ್ಣ ರಕ್ತನಾಳಗಳು ಸೋರುತ್ತವೆ, ಚರ್ಮ ಉಬ್ಬುತ್ತದೆ, ತುರಿಸುತ್ತದೆ. 1937ರಲ್ಲಿ ಡೇನಿಯಲ್ ಬೋವೆಟ್ ಅದಕ್ಕೆ ಎದುರು ಮದ್ದು ಕಂಡುಹಿಡಿದರು. 1957ರಲ್ಲಿ ನೊಬೆಲ್ ಬಂತು. ನಮ್ಮ ಅಂಗಡಿಯ ಏವಿಲ್ ಗುಳಿಗೆ ಅದೇ ವಂಶದ್ದು. ಆಮೇಲೆ 1993ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಬಹಳ ದಿನದ ಗಂಧೆಯುಳ್ಳ ಹಲವರಲ್ಲಿ, ದೇಹವೇ ತನ್ನ ಮಾಸ್ಟ್ ಕಣಗಳನ್ನು ಕೆರಳಿಸುವ ಪ್ರತಿಕಾಯಗಳನ್ನು ತಯಾರಿಸುತ್ತಿತ್ತು. ಬದನೆಕಾಯಿಗೆ ಇದರಲ್ಲಿ ಪಾತ್ರವೇ ಇಲ್ಲ.

ಹಾಗಾಗಿ 'ಏನ್ ತಿಂದೀ?' ಜೊತೆಗೆ 'ಎಷ್ಟು ದಿನ ಆಯ್ತು?' ಎಂದೂ ಕೇಳಬೇಕು. ಆರು ವಾರದೊಳಗಿನದು ತೀವ್ರ ಗಂಧೆ. ಅದಕ್ಕೆ ಊಟ, ಜ್ವರದ ಸೋಂಕು, ಕೀಟದ ಕಡಿತ, ಗುಳಿಗೆ, ಇವುಗಳಲ್ಲಿ ಒಂದು ಕಾರಣ ಇರಬಹುದು; ಊಟದ್ದಾದರೆ ತಿಂದ ಒಂದೆರಡು ಗಂಟೆಯಲ್ಲೇ ಸಾಮಾನ್ಯವಾಗಿ ಗೊತ್ತಾಗುತ್ತದೆ. ಆರು ವಾರ ದಾಟಿಯೂ ಏಳುತ್ತಿದ್ದರೆ ಅದು ದೀರ್ಘಕಾಲದ್ದು, ಅಲ್ಲಿ ಊಟ ಕಾರಣವಾಗುವುದು ಬಹಳ ಅಪರೂಪ. ದುಬಾರಿ ಅಲರ್ಜಿ ಪರೀಕ್ಷೆಗಳ ಉದ್ದ ಪಟ್ಟಿ ಹೆಚ್ಚಿನವರಿಗೆ ಬೇಕಿಲ್ಲ.

ಗುರುತು ಹಿಡಿಯಲು ಒಂದು ಗಂಧೆಯ ಸುತ್ತ ಪೆನ್ನಿನಿಂದ ಗೆರೆ ಎಳೆದಿಡಬಹುದು. ಪಿತ್ತದ ಗಂಧೆ 24 ಗಂಟೆಯೊಳಗೆ ಅಲ್ಲಿಂದ ಮಾಯವಾಗಿ ಬೇರೆಡೆ ಏಳುತ್ತದೆ, ಕಲೆ ಬಿಡುವುದಿಲ್ಲ. ಶಹಾಬಾದ್, ವಾಡಿ ಕಡೆ ಸಿಮೆಂಟು ಮುಟ್ಟುವ ಕೈಗಳಿಗೆ ಬರುವ ಕಜ್ಜಿಯೇ ಬೇರೆ: ಅದು ಸಿಮೆಂಟಿನ ಕ್ರೋಮಿಯಂನಿಂದ ಆಗುತ್ತದೆ, ಒಂದೇ ಜಾಗದಲ್ಲಿ ದಿನಗಟ್ಟಲೆ ಒಡೆದು ಉಳಿಯುತ್ತದೆ. ಹೊಲದ ಕಾಂಗ್ರೆಸ್ ಹುಲ್ಲಿನ ಕಜ್ಜಿಯೂ ಹಾಗೆಯೇ. ಗಂಧೆ ಒಂದು ದಿನ ದಾಟಿಯೂ ಅಲ್ಲೇ ನಿಂತು, ನೋಯುತ್ತ, ಕಂದಿದ ಕಲೆ ಬಿಟ್ಟರೆ ರಕ್ತನಾಳದ ಉರಿಯೂತ ಇರಬಹುದು. ಚರ್ಮದ ವೈದ್ಯರು ಚೂರು ತೆಗೆದು ಪರೀಕ್ಷಿಸಬೇಕಾಗುತ್ತದೆ.

ಮದ್ದು ಈಗ ಸರಳ. ನಿದ್ದೆ ಬರಿಸದ ಹೊಸ ಗುಳಿಗೆಗಳಿವೆ. ಅವನ್ನು ಗಂಧೆ ಎದ್ದಾಗ ಮಾತ್ರವಲ್ಲ, ದಿನಾಲೂ ನುಂಗಬೇಕು. ಸಾಲದಿದ್ದರೆ ವೈದ್ಯರು ನಾಲ್ಕು ಪಟ್ಟಿನವರೆಗೂ ಏರಿಸುತ್ತಾರೆ. ಅದಕ್ಕೂ ಬಗ್ಗದವರಿಗೆ 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಮಲಿಜುಮಾಬ್ ಎಂಬ ಚುಚ್ಚುಮದ್ದಿದೆ, ಬಡವರ ಕೈಗೆ ಎಟುಕದಷ್ಟು ದುಬಾರಿ. ಸ್ಟಿರಾಯ್ಡ್ ಸೂಜಿ ಹಾಕಿಸಿಕೊಂಡವರಿಗೆ ಅಂದೇ ಆರಾಮ ಅನ್ನಿಸುತ್ತದೆ, ಅದಕ್ಕೇ ಜನ ಅದನ್ನು ಕೇಳಿ ಹಾಕಿಸಿಕೊಳ್ಳುತ್ತಾರೆ. ತಿಂಗಳುಗಟ್ಟಲೆ ಅದರಲ್ಲೇ ಇದ್ದರೆ ಸಕ್ಕರೆ, ರಕ್ತದೊತ್ತಡ, ಮೂಳೆ ಎಲ್ಲಕ್ಕೂ ಪೆಟ್ಟು. ನೋವಿನ ಗುಳಿಗೆಗಳಾದ ಆಸ್ಪಿರಿನ್, ಐಬುಪ್ರೊಫೆನ್ ಕೆಲವರ ಗಂಧೆಯನ್ನು ಕೆರಳಿಸುತ್ತವೆ. ಮೊದಲು ಬಿಡಬೇಕಾದದ್ದು ಅವನ್ನು.

ಗಂಧೆಯ ಜೊತೆ ನಾಲಿಗೆ, ಗಂಟಲು ಬಾತು ಉಸಿರು ಕಟ್ಟಿದರೆ, ತಲೆ ತಿರುಗಿ ಬಿದ್ದರೆ, ಗೇರು ಮಣ್ಣಿಗೂ ಗುಳಿಗೆಗೂ ಕಾಯುವಂತಿಲ್ಲ. ಆಗ ಬೇಕಾದದ್ದು ತೊಡೆಗೆ ಅಡ್ರಿನಲಿನ್ ಸೂಜಿ, ಅದೂ ಹತ್ತಿರದ ದವಾಖಾನೆಯಲ್ಲಿ, ತಡಮಾಡದೆ.

ಉಳಿದವರಿಗೆ ಬೇರೆ ತೊಂದರೆ. ಸರದಿಯಲ್ಲಿ ಕೂತು ವೈದ್ಯರ ಮುಂದೆ ಹೋಗುವ ಹೊತ್ತಿಗೆ ಮೈ ನುಣ್ಣಗಾಗಿರುತ್ತದೆ, ಹೇಳಿದ್ದನ್ನು ಯಾರೂ ನಂಬುವುದಿಲ್ಲ. ಎದ್ದಾಗಲೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟು, ದಿನ, ಹೊತ್ತು ಬರೆದಿಟ್ಟುಕೊಂಡು ಹೋಗಬೇಕು.