ನೀರು ಬಂತು, ಬಸಿಯಲಿಲ್ಲ

ನೀರಾವರಿಯ ಇತಿಹಾಸವೆಂದರೆ ನಮಗೆ ಅಣೆಕಟ್ಟುಗಳ ಇತಿಹಾಸ. ಹೊಲಕ್ಕೆ ಬಂದ ನೀರು ಆಮೇಲೆ ಎಲ್ಲಿಗೆ ಹೋಯಿತೆಂದು ಕೇಳಿದವರು ಕಡಿಮೆ. ತುಂಗಭದ್ರೆಯ ಎಡದಂಡೆ ನಾಲೆಯನ್ನೇ ನೋಡೋಣ.

1953ರಲ್ಲಿ ನಾಲೆಗೆ ನೀರು ಹರಿಯಿತು. ಬರ ಕಂಡ ರಾಯಚೂರು ಸೀಮೆಗೆ ಅದು ಹೊಸ ಜೀವ. ಯೋಜನೆಯಲ್ಲಿ ಹೆಚ್ಚಿನ ಪಾಲು ಜೋಳ, ಹತ್ತಿಯಂಥ ಅರೆ ನೀರಾವರಿ ಬೆಳೆಗಳದು. ಆದರೆ ಗಂಗಾವತಿ, ಸಿಂಧನೂರು ಭಾಗದಲ್ಲಿ ಭತ್ತದ ಗದ್ದೆಗಳು ಹಬ್ಬಿದವು. ಭತ್ತಕ್ಕೆ ಬೆಲೆಯಿತ್ತು, ರೈತನನ್ನು ದೂರುವಂತಿಲ್ಲ.

ಮಸಾರಿ ಮಣ್ಣಿನಲ್ಲಿ ನೀರು ಬೇಗ ಕೆಳಗಿಳಿಯುತ್ತದೆ. ಎರೆಮಣ್ಣಿನ ಜೇಡಿಕಣ ಅತಿ ಸೂಕ್ಷ್ಮ. ನೀರು ಕುಡಿದು ಉಬ್ಬಿ ದಾರಿ ಮುಚ್ಚುತ್ತದೆ. ಮಳೆಯ ತೇವ ಹಿಡಿದಿಟ್ಟು ಹಿಂಗಾರಿ ಜೋಳ ಬೆಳೆಸಿದ ಅದೇ ಗುಣ ನಾಲೆಯ ಕೆಳಗೆ ಶಾಪವಾಯಿತು. ಮಣ್ಣಿನಲ್ಲಿ ಗಾಳಿಯ ಜಾಗದಲ್ಲಿ ನೀರು ನಿಂತರೆ ಜೋಳ, ಹತ್ತಿಯ ಬೇರಿಗೆ ಉಸಿರಿಲ್ಲ. ಭತ್ತ ಎಲೆಯಿಂದ ಬೇರಿಗೆ ಗಾಳಿ ಇಳಿಸಿಕೊಂಡು ಬದುಕುತ್ತದೆ. ಆದರೆ ಅಂತರ್ಜಲ ಮೇಲೇರಿ, ಬಿಸಿಲಿಗೆ ಆವಿಯಾಗಿ, ಉಪ್ಪನ್ನು ಮೇಲೆ ಬಿಟ್ಟಾಗ ಭತ್ತವೂ ಸೊರಗುತ್ತದೆ. ಇದೇ ಸವಳು-ಜವಳು.

ಮೇಲಿನ ಗದ್ದೆಯ ಬಸಿನೀರು ತಗ್ಗಿನ ಹೊಲಕ್ಕಿಳಿಯುತ್ತದೆ. ಫಸಲು ಒಬ್ಬರದು, ಉಪ್ಪು ಇನ್ನೊಬ್ಬರದು. ನೆಲದಡಿ ರಂಧ್ರವಿರುವ ಕೊಳವೆ ಹೂಳಿ ಉಪ್ಪುನೀರು ಬಸಿಯುವ ಪ್ರಯೋಗಗಳನ್ನು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ನಡೆಸಿದೆ. ಉಪಾಯವಿದೆ. ಆದರೆ ಒಬ್ಬನ ಹೊಲದಲ್ಲಿ ಮಾಡಿದರೆ ಸಾಲದು. ನೀರು ಹಳ್ಳ ಸೇರುವವರೆಗೆ ನೆರೆಯವರೂ ದಾರಿ ಬಿಡಬೇಕು. ನಾಲೆ ತೋಡುವಾಗಲೇ ಬಸಿಗಾಲುವೆಯನ್ನೂ ತೋಡಬೇಕೆಂಬುದು ಈ ಚರಿತ್ರೆ ಕಲಿಸುವ ಪಾಠ.