ಆಹಾರದ ಕಬ್ಬಿಣಾಂಶ
ಕಬ್ಬಿಣಾಂಶವು ಮಾನವದೇಹಕ್ಕೆ ಅಲ್ಪ ಪ್ರಮಾಣದಲ್ಲಿ, ಆದರೆ ನಿತ್ಯವೂ ಬೇಕಾದ ಖನಿಜ. ರಕ್ತದ ಕೆಂಪುಕಣಗಳಲ್ಲಿದ್ದು ಆಮ್ಲಜನಕವನ್ನು ಅಂಗಾಂಗಗಳಿಗೆ ಒಯ್ಯುವ ಹಿಮೋಗ್ಲೋಬಿನ್ ಎಂಬ ಪ್ರೋಟೀನು ಇದಿಲ್ಲದೆ ರೂಪುಗೊಳ್ಳದು. ಇದರ ಕೊರತೆ ಮುಂದುವರಿದರೆ ರಕ್ತಹೀನತೆ ಉಂಟಾಗಿ ಆಯಾಸ, ಏದುಸಿರು ಕಾಣಿಸಿಕೊಳ್ಳುತ್ತವೆ, ಮಕ್ಕಳ ಕಲಿಕೆ ಕುಂಠಿತವಾಗುತ್ತದೆ, ಹೆರಿಗೆಯ ಅಪಾಯ ಹೆಚ್ಚುತ್ತದೆ. ಗರ್ಭಿಣಿಯರ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರ್ ರಕ್ತಕ್ಕೆ 11 ಗ್ರಾಂಗಿಂತ ಕಡಿಮೆಯಿದ್ದರೆ ಅದನ್ನು ರಕ್ತಹೀನತೆಯೆಂದು ಪರಿಗಣಿಸಲಾಗುತ್ತದೆ.

ಈ ಕಬ್ಬಿಣಾಂಶ ಎಷ್ಟು ದೊರೆಯುತ್ತದೆಂಬುದು ಊಟದ ಧಾನ್ಯವನ್ನೂ ಅವಲಂಬಿಸಿದೆ. ಉದಾಹರಣೆಗೆ, ರಾಯಚೂರು ಜಿಲ್ಲೆಯ ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ನಾಡಾಗಿದ್ದರೆ, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಮಳೆಯಾಶ್ರಿತ ಹೊಲಗಳಲ್ಲಿ ಸಜ್ಜೆ, ಜೋಳ, ತೊಗರಿ ಬೆಳೆಯುತ್ತವೆ. ಪಾಲಿಶ್ ಮಾಡಿದ ಅಕ್ಕಿಗಿಂತ ಸಜ್ಜೆಯಲ್ಲಿ ಕಬ್ಬಿಣಾಂಶ ಹಲವು ಪಟ್ಟು ಹೆಚ್ಚಾದುದರಿಂದ, ಸಜ್ಜೆರೊಟ್ಟಿಯ ಜಾಗವನ್ನು ಅನ್ನ ಪೂರ್ತಿಯಾಗಿ ಆಕ್ರಮಿಸಿದರೆ ಪೋಷಣೆಗೆ ನಷ್ಟ. ಆದರೆ ಧಾನ್ಯಗಳಲ್ಲಿರುವ ಫೈಟೇಟ್ ಎಂಬ ಸಂಯುಕ್ತವು ಕಬ್ಬಿಣವನ್ನು ಹಿಡಿದಿಟ್ಟು ಕರುಳು ಹೀರದಂತೆ ತಡೆಯುತ್ತದೆ. ಕಾಳುಗಳನ್ನು ಮೊಳಕೆ ಬರಿಸುವುದರಿಂದ ಫೈಟೇಟ್ ತಗ್ಗುತ್ತದೆ, ಊಟದೊಡನೆ ನಿಂಬೆರಸ ಸೇವಿಸಿದರೆ ಅದರ ಸಿ ಜೀವಸತ್ವವು ಹೀರಿಕೆಯನ್ನು ಹೆಚ್ಚಿಸುತ್ತದೆ. ಊಟದ ಜೊತೆಗಿನ ಚಹಾ ಇದಕ್ಕೆ ವ್ಯತಿರಿಕ್ತವಾಗಿ ಹೀರಿಕೆಗೆ ಅಡ್ಡಿಯಾಗುತ್ತದೆ.

2017ರಲ್ಲಿ ಕರ್ನಾಟಕದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯು ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಗಳಲ್ಲಿ ಬಿಸಿಯೂಟದೊಡನೆ ಕಬ್ಬಿಣಾಂಶದ ಮಾತ್ರೆಗಳನ್ನು ಒದಗಿಸುತ್ತದೆ. ಮಾತ್ರೆಯು ಕೊರತೆಯನ್ನು ನೀಗಿಸಬಲ್ಲದು. ಆ ಕೊರತೆ ಮರುಕಳಿಸದಂತೆ ಕಾಯಬೇಕಾದುದು ಮಾತ್ರ ದಿನನಿತ್ಯದ ಊಟವೇ.