ಪುರ ಗ್ರಾಮದ ಸಗಣಿ ಲೆಕ್ಕ

1973ರ ತೈಲ ಬಿಕ್ಕಟ್ಟಿನ ಮರುವರ್ಷ, ವಿದ್ಯುದ್ರಸಾಯನ ವಿಜ್ಞಾನಿ ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರ ನೇತೃತ್ವದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಎಂಬ ಘಟಕ ಸ್ಥಾಪನೆಯಾಯಿತು. ವಿಜ್ಞಾನವನ್ನು ಹಳ್ಳಿಯ ಅಗತ್ಯಗಳಿಗೆ ಒದಗಿಸುವ ಉದ್ದೇಶದ ಈ ಘಟಕಕ್ಕೆ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಲಿನ ಸೀಮೆ ಕಾರ್ಯಕ್ಷೇತ್ರವಾಯಿತು.

ಆ ಸೀಮೆಯ ಆರು ಹಳ್ಳಿಗಳಲ್ಲಿ ನಡೆದ ಸಮೀಕ್ಷೆಯಿಂದ, ಅಲ್ಲಿ ಬಳಕೆಯಾಗುತ್ತಿದ್ದ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಸೌದೆಯಿಂದಲೇ ದೊರೆಯುತ್ತಿತ್ತೆಂದೂ, ವಿದ್ಯುತ್ತಿನ ಪಾಲು ನಗಣ್ಯವೆಂದೂ ತಿಳಿದುಬಂದಿತು. ಈ ಸೌದೆಯ ಬಹುಭಾಗ ಹೆಂಗಸರೂ ಮಕ್ಕಳೂ ಆಯ್ದು ತರುತ್ತಿದ್ದ ಪುಳ್ಳೆ. ಮಾರುಕಟ್ಟೆಗೆ ಬಾರದ್ದರಿಂದ, ಕಲ್ಲಿದ್ದಲು, ಎಣ್ಣೆ, ವಿದ್ಯುತ್ತುಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಿದ್ದ ಯೋಜನಾಕಾರರ ಗಮನಕ್ಕೆ ಅದು ಬಿದ್ದಿರಲಿಲ್ಲ. ಕಡಿಮೆ ಸೌದೆ ಬೇಡುವ, ಹೊಗೆಯನ್ನು ಕೊಳವೆಯ ಮೂಲಕ ಮನೆಯಾಚೆ ಕಳಿಸುವ 'ಅಸ್ತ್ರ ಒಲೆ' ಈ ಅರಿವಿನ ಒಂದು ಫಲ.

ಇನ್ನೊಂದು ಫಲವಾದ, ಅದೇ ಸೀಮೆಯ ಪುರ ಗ್ರಾಮದ ಸಾಮುದಾಯಿಕ ಗೋಬರ್ ಗ್ಯಾಸ್ ಸ್ಥಾವರ ಮೊದಲ ಯತ್ನದಲ್ಲಿ ಎಡವಿತು. ಗಾಳಿಯಾಡದ ತೊಟ್ಟಿಯಲ್ಲಿ ಸಗಣಿ ಕೊಳೆತಾಗ ಹುಟ್ಟುವ, ಮೀಥೇನ್ ಪ್ರಧಾನವಾದ ಅನಿಲವನ್ನು ಮನೆಮನೆಯ ಅಡುಗೆಗೆ ಹಂಚಬೇಕೆಂಬುದು ಮೂಲ ಉದ್ದೇಶವಾಗಿತ್ತು. ಆದರೆ ಊರಿನ ಒಲೆಗಳಿಗೆಲ್ಲ ಸಾಲುವಷ್ಟು ಸಗಣಿ ಕೂಡಿಬರಲಿಲ್ಲ. 1987ರಲ್ಲಿ ಅದೇ ಅನಿಲವನ್ನು, ಡೀಸೆಲ್ಲಿನ ಬಹುಪಾಲನ್ನು ಉಳಿಸುವ ದ್ವಿ-ಇಂಧನ ಎಂಜಿನ್ನಿಗೆ ಉಣಿಸಿ ವಿದ್ಯುತ್ ಉತ್ಪಾದಿಸಲಾಯಿತು. ಕೊಳವೆ ಬಾವಿಯ ನೀರು ನಲ್ಲಿಗಳಿಗೆ ಹರಿಯಿತು, ಸಂಜೆ ಮನೆಗಳಲ್ಲಿ ಟ್ಯೂಬ್‌ಲೈಟುಗಳು ಉರಿದವು. ಸರ್ಕಾರಿ ವಿದ್ಯುತ್ ಮಾರ್ಗ ಊರಿಗೆ ಮೊದಲೇ ಬಂದಿತ್ತಾದರೂ ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ಸಂಪರ್ಕವಿರಲಿಲ್ಲ. ಜನರನ್ನು ಈ ಪ್ರಯೋಗದತ್ತ ಸೆಳೆದದ್ದು ಮುಖ್ಯವಾಗಿ ನೀರು ಎಂಬುದನ್ನು ಮರೆಯಲಾಗದು.

ತಾಂತ್ರಿಕ ಬರಹಗಳು ಅನಿಲದ ಡ್ರಮ್ಮಿನ ವಿನ್ಯಾಸಕ್ಕೆ ಹೆಚ್ಚು ಪುಟ ಕೊಡುತ್ತವೆಯಾದರೂ, ಪುರದ ನಿಜವಾದ ಆವಿಷ್ಕಾರ ಅದರ ಸಗಣಿ ಲೆಕ್ಕ. ಈ ಸೀಮೆಯಲ್ಲಿ ಸಗಣಿಯನ್ನು ಬೆರಣಿ ತಟ್ಟಿ ಸುಡುವ ರೂಢಿ ಇರಲಿಲ್ಲ. ಅದು ತಿಪ್ಪೆ ಸೇರಿ ಹೊಲದ ಗೊಬ್ಬರವಾಗಬೇಕಿತ್ತು. ಆದುದರಿಂದ ಸಗಣಿಯನ್ನು ತೂಗಿ ಬರೆದುಕೊಂಡು, ಅನಿಲ ತೆಗೆದ ಬಗ್ಗಡವನ್ನು ಅದೇ ಪ್ರಮಾಣಕ್ಕೆ ಅನುಗುಣವಾಗಿ ಹಿಂದಿರುಗಿಸುವ ಏರ್ಪಾಡಾಯಿತು. ಅನಿಲವಾಗಿ ಹೊರಬೀಳುವುದು ಮುಖ್ಯವಾಗಿ ಇಂಗಾಲ ಮತ್ತು ಜಲಜನಕವಾದ್ದರಿಂದ, ಬೆಳೆಗೆ ಬೇಕಾದ ಸಾರಜನಕ ಬಗ್ಗಡದಲ್ಲೇ ಉಳಿಯುತ್ತಿತ್ತು, ರೈತನಿಗೆ ನಷ್ಟವಿರಲಿಲ್ಲ. ಹೊತ್ತು ತಂದವರಿಗೆ, ಅಂದರೆ ಹೆಚ್ಚಾಗಿ ಹೆಂಗಸರಿಗೆ, ಕಿಲೋಗೆ ಇಷ್ಟು ಪೈಸೆಯೆಂದು ಕೂಲಿಯೂ ಸಲ್ಲುತ್ತಿತ್ತು. ಸ್ಥಾವರವನ್ನು ಊರಿನ ಯುವಕರೇ ನಡೆಸುತ್ತಿದ್ದರು.

ಹಳ್ಳಿಯಲ್ಲಿ ಕಲಿತದ್ದನ್ನು ರೆಡ್ಡಿ ಅವರು ಇಡೀ ರಾಜ್ಯದ ವಿದ್ಯುತ್ ಯೋಜನೆಗೆ ಅನ್ವಯಿಸಿದರು. ಬೇಡಿಕೆ ಬೆಳೆಯುವುದು ಸಹಜವೆಂದು ಭಾವಿಸಿ ಅಣೆಕಟ್ಟು, ಉಷ್ಣ ಸ್ಥಾವರಗಳ ಪಟ್ಟಿ ಮಾಡುವುದಕ್ಕೆ ಬದಲಾಗಿ, ಜನರಿಗೆ ಬೇಕಾದ ಬೆಳಕು, ಬಿಸಿನೀರು, ನೀರಾವರಿಗಳನ್ನು ಎಷ್ಟು ಕಡಿಮೆ ವಿದ್ಯುತ್ತಿನಲ್ಲಿ ಒದಗಿಸಬಹುದೆಂಬ ಪ್ರಶ್ನೆಯಿಂದ ಹೊರಟ ಅವರ ಪರ್ಯಾಯ ಯೋಜನೆ 1990ರ ಆಸುಪಾಸಿನಲ್ಲಿ ರೂಪುಗೊಂಡಿತು. ಅದು ಸೂಚಿಸಿದ ಉಪಾಯಗಳಲ್ಲಿ ಸೌರ ಜಲತಾಪಕ ಮುಂದೆ ಬೆಂಗಳೂರಿನ ಮನೆಗಳ ತಾರಸಿಗೆ ಏರಿತು. ನೀರಾವರಿ ಪಂಪ್‌ಸೆಟ್ಟುಗಳ ದಕ್ಷತೆಯನ್ನು ಹೆಚ್ಚಿಸುವ ಕೆಲಸ ಮಾತ್ರ, ಮೀಟರಿಲ್ಲದ ವಿದ್ಯುತ್ತಿನ ರಾಜಕಾರಣದಲ್ಲಿ ಸಿಕ್ಕಿಕೊಂಡು, ಅಷ್ಟು ದೂರ ಸಾಗಲಿಲ್ಲ.